ಹದಿನೇಳನೇ ಗಿಡದ ತಾಯಿ

ಗಂಗಾಧರ ಹೊಸಬರ ಹೆಸರನ್ನು ಕೊನೆಗೆ ಕೇಳುತ್ತಾನೆ. ಮೊದಲು ಊರು, ಆಮೇಲೆ ಆ ಊರಿನ ಬೀದಿ, ಬೀದಿಯಲ್ಲಿ ಯಾರ ಮನೆ ಪಕ್ಕ, ತಾಯಿಯ ತವರು ಯಾವುದು. ಐದನೇ ಪ್ರಶ್ನೆಯ ಹೊತ್ತಿಗೆ ಎದುರಿಗಿದ್ದವರ ಗೋತ್ರ ಹೊರಬಿದ್ದಿರುತ್ತದೆ, ಅವರ ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗಿರುತ್ತದೆ. ನೈರೋಬಿಯ ಕನ್ನಡದವರಲ್ಲಿ ಈ ವಿಚಾರಣೆಗೆ ಸಿಗದವರು ಯಾರಾದರೂ ಇದ್ದರೆ ಅವರು ನಿನ್ನೆ ಮೊನ್ನೆ ವಿಮಾನ ಇಳಿದವರು. ಮನುಷ್ಯರಿಗೇ ಇದು ನಿಂತಿತೇ ಎಂದರೆ ಅದೂ ಇಲ್ಲ. ರುಂಡಾದಲ್ಲಿ ಅವನ ಧಣಿ ಕಿಶನ್ ಷಾನ ಬಂಗಲೆ ಇದೆ. ಅಲ್ಲಿಗೆ ದೀಪಾವಳಿ ಊಟಕ್ಕೆ ಹೋದವನು ಆ ಮನೆಯ ನಾಯಿಯ ಬೆನ್ನು ಸವರಿ, "ಇದರ ತಂದೆ ಯಾವುದು?" ಎಂದು ಕೇಳಿದ್ದ. ಶುದ್ಧ ತಳಿಯೆಂದು ಹುಡುಕಿ ತಂದ ನಾಯಿ ಅದು. ಬೆನ್ನ ಮೇಲಿನ ಕೂದಲಿನ ಗೆರೆ ಎರಡು ಇಂಚು ಮೊದಲೇ ಮುಗಿದಿದೆ, ಎಲ್ಲೋ ಬೆರಕೆ ಆಗಿದೆ ಎಂದು ಹತ್ತು ಜನರ ಮುಂದೆ ತೀರ್ಪು ಕೊಟ್ಟ. ಕಿಶನ್ ಷಾನ ಹೆಂಡತಿ ಎರಡು ತಿಂಗಳು ಅವನ ಮುಖ ನೋಡಲಿಲ್ಲ. ನಾಯಿ ಮಾತ್ರ ಊಟ ಮುಗಿಯುವ ತನಕ ಅವನ ಕಾಲ ಬಳಿಯೇ ಮಲಗಿತ್ತು.

ಇವನ ಉದ್ಯೋಗವೂ ಅಂಥದ್ದೇ. ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಕಿಶನ್ ಷಾನ ಔಷಧಿ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ವಾಲಿಟಿ ಕಂಟ್ರೋಲ್ ಮುಖ್ಯಸ್ಥ. ಅವನ ಲ್ಯಾಬಿನಲ್ಲಿ ಒಂದು ಯಂತ್ರವಿದೆ. ಯಾವುದೇ ಎಣ್ಣೆಯ ಒಂದು ಹನಿ ಒಳಗೆ ಬಿಟ್ಟರೆ, ಅದರಲ್ಲಿ ಏನೇನು ಎಷ್ಟೆಷ್ಟು ಇದೆ ಎಂದು ಕಾಗದದ ಮೇಲೆ ಗುಡ್ಡಗಳ ಸಾಲು ಬರೆದು ಕೊಡುತ್ತದೆ. ವಾರವೆಲ್ಲ ಗಂಗಾಧರ ಆ ಗುಡ್ಡಗಳನ್ನು ನೋಡುತ್ತಾನೆ. ಭಾನುವಾರ ನಮ್ಮವರ ಮಕ್ಕಳ ಜಾತಕ ನೋಡುತ್ತಾನೆ. ಎರಡಕ್ಕೂ ಒಂದೇ ಕೆಂಪು ಪೆನ್ನು. ಸಿರಪ್ಪಿನ ಬ್ಯಾಚು ತಳ್ಳಿಹಾಕುವಾಗ ಬರೆಯುವಂತೆಯೇ ಜಾತಕದ ಅಂಚಿನಲ್ಲೂ ‘ಒಪ್ಪಿಲ್ಲ’ ಎಂದು ಬರೆದು ತೇದಿ ಹಾಕಿ ಸಹಿ ಮಾಡುತ್ತಾನೆ. ಅವನ ಸಹಿಯಿಂದ ನಿಂತುಹೋದ ಮದುವೆಗಳು ನನಗೆ ಗೊತ್ತಿರುವಂತೆಯೇ ನಾಲ್ಕು. ಅದರಲ್ಲಿ ಒಂದು ಜೋಡಿ ಓಡಿಹೋಗಿ ಮೊಂಬಾಸಾದಲ್ಲಿ ಸುಖವಾಗಿದ್ದಾರೆ, ಪುಣ್ಯ.

ಇಷ್ಟೆಲ್ಲ ಹೇಳುವ ನಾನು ಮೇರಿ. ಇದೇ ನೈರೋಬಿಯ ನ್ಗಾರಾ ಬಡಾವಣೆಯಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಜನರ ಮುಂದೆ ಗಂಗಾಧರ ನನ್ನನ್ನು ‘ಮೇರಿ ಮೇಡಂ’ ಎನ್ನುತ್ತಾನೆ, ಫ್ಯಾಮಿಲಿ ಫ್ರೆಂಡ್ ಎಂದು ಪರಿಚಯಿಸುತ್ತಾನೆ. ನಿಜ ಏನೆಂದರೆ ಅವನು ಹುಟ್ಟಿದಾಗ ನನಗೆ ಒಂಬತ್ತು ವರ್ಷ, ಕೋಲಾರದ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಆಗ ಅವನು ನನ್ನನ್ನು ಕರೆಯುತ್ತಿದ್ದದ್ದು ‘ಮೇರಕ್ಕ’. ಈ ಫ್ಯಾಕ್ಟರಿಯ ಕೆಲಸದ ಜಾಹೀರಾತನ್ನು ಕತ್ತರಿಸಿ ಅಂಚೆಗೆ ಹಾಕಿ ಅವನನ್ನು ಇಲ್ಲಿಗೆ ಕರೆಸಿದವಳೂ ನಾನೇ. ಜಗತ್ತಿನ ಗೋತ್ರವನ್ನೆಲ್ಲ ಕೆದಕುವವನ ಸ್ವಂತ ಬುಡ ಯಾವುದೆಂದು ಈ ಊರಿನಲ್ಲಿ ಗೊತ್ತಿರುವುದು ನನಗೊಬ್ಬಳಿಗೆ.

ಅವನ ತಂದೆ ಸೂರ್ಯನಾರಾಯಣ ರಾಯರು ಗಣಿಯ ಆಫೀಸಿನಲ್ಲಿ ಗುಮಾಸ್ತರು, ವೈದಿಕರ ಮನೆಯವರು. ತಾಯಿ ಫಿಲೋಮಿನಾ ಗಣಿ ಆಸ್ಪತ್ರೆಯ ನರ್ಸು, ನಮ್ಮ ಚರ್ಚಿನವರು. ಆ ಮದುವೆಗೆ ರಾಯರ ಕಡೆಯಿಂದ ಒಂದು ಕಾಗೆಯೂ ಬರಲಿಲ್ಲ. ಮಗನಿಗೆ ಆರು ವರ್ಷವಾದಾಗ ರಾಯರು ತೀರಿಕೊಂಡರು. ಫಿಲೋಮಿನಮ್ಮ ಗಂಡನ ಆಸೆಯೆಂದು ಬಂಗಾರಪೇಟೆಯಿಂದ ಪುರೋಹಿತರನ್ನು ಕರೆಸಿ ಮಗನಿಗೆ ಜನಿವಾರ ಹಾಕಿಸಿದರು, ತಾವು ಬಾಗಿಲ ಹೊರಗೆ ನಿಂತು ನೋಡಿದರು. ಪಾಳಿಯ ಮೇಲೆ ಪಾಳಿ ಮಾಡಿ ಅವನನ್ನು ಎಂ.ಎಸ್ಸಿ. ಓದಿಸಿದರು. ನನಗೆ ಅವರ ನೆನಪಾದರೆ ಮೊದಲು ನೆನಪಾಗುವುದು ಅವರ ವಾಸನೆ. ಆಸ್ಪತ್ರೆಯ ಫಿನಾಯಿಲು ಹೋಗಲೆಂದು ಕೈಗೆ ನಿಂಬೆ ಸಿಪ್ಪೆ ಉಜ್ಜಿಕೊಳ್ಳುತ್ತಿದ್ದರು. ಪಾಳಿಯಲ್ಲಿ ತೂಕಡಿಕೆ ಬಾರದಿರಲೆಂದು ಬಾಯಲ್ಲಿ ಒಂದು ಲವಂಗ. ಕುತ್ತಿಗೆಗೆ ಲ್ಯಾವೆಂಡರ್ ಪೌಡರು. ಆ ಒಂದು ಡಬ್ಬಿ ಬಿಟ್ಟರೆ ಅವರಿಗೆ ಬೇರೆ ಶೋಕಿ ಇರಲಿಲ್ಲ.

ಗಂಗಾಧರನಿಗೆ ಬೆಂಗಳೂರಿನ ದೊಡ್ಡ ಮನೆತನದ ವಿಜಿಯ ಜೊತೆ ಮದುವೆ ಗೊತ್ತಾದಾಗ ಅವನು ಏನು ಮಾಡಿದ ಗೊತ್ತೇ? ತಾಯಿ ಪದ್ಮಾವತಮ್ಮ ಎಂದು ಒಬ್ಬರನ್ನು ಹುಟ್ಟಿಸಿ, ಅವರನ್ನು ಆಗಲೇ ಸಾಯಿಸಿ, ಲಗ್ನಪತ್ರಿಕೆಯಲ್ಲಿ ‘ದಿವಂಗತ’ ಎಂದು ಅಚ್ಚು ಹಾಕಿಸಿದ. ಹೆತ್ತ ತಾಯಿಯನ್ನು ‘ನನ್ನನ್ನು ಸಾಕಿದ ನರ್ಸಮ್ಮ’ ಎಂದು ಬೀಗರಿಗೆ ಪರಿಚಯಿಸಿದ. ಮಗನ ಮದುವೆಯಲ್ಲಿ ಫಿಲೋಮಿನಮ್ಮ ಮೂರನೇ ಪಂಕ್ತಿಯಲ್ಲಿ, ಡ್ರೈವರುಗಳ ಜೊತೆ, ಊಟ ಮಾಡಿ ಬಂದರು. ಮರುವರ್ಷ ನಾನು ರಜೆಗೆ ಹೋದಾಗ ಅದನ್ನು ನಗುನಗುತ್ತಾ ಹೇಳಿದರು. "ಹೋಳಿಗೆ ಚೆನ್ನಾಗಿತ್ತು ಮೇರಿ" ಎಂದರು. ನನಗೆ ಇವತ್ತಿಗೂ ನಗು ಬಂದಿಲ್ಲ. ಆಗಲೇ ನನ್ನಿಂದ ಮಾತು ತೆಗೆದುಕೊಂಡರು, "ನಿನ್ನ ಬಾಯಿಂದ ಯಾವತ್ತೂ ಬರಬಾರದು. ಬಂದರೆ ಅವನ ಬಾಯಿಂದಲೇ ಬರಲಿ."

ಅವರು ಹೋದದ್ದು ಎರಡು ಸಾವಿರದ ಒಂದರಲ್ಲಿ. ಗಂಗಾಧರ ಹೋಗಿ ಮಣ್ಣು ಮಾಡಿ ತಲೆ ಬೋಳಿಸಿಕೊಂಡು ಬಂದ. ಸಾಕಿದ ನರ್ಸಿಗಾಗಿ ತಲೆ ಬೋಳಿಸಿಕೊಂಡ ಮಹಾನುಭಾವ ಎಂದು ನಮ್ಮ ಕನ್ನಡ ಸಂಘದವರು ಯುಗಾದಿಗೆ ಅವನಿಗೆ ಶಾಲು ಹೊದಿಸಿದರು. ಹೊದಿಸಿಕೊಂಡ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ, ಕೊಟ್ಟ ಮಾತಿನ ಕರ್ಮ.

ಇಂಥವನ ಕೈಗೆ ಕಿಶನ್ ಷಾ ಹೋದ ವರ್ಷ ಗಾಂಜಾ ಕೊಟ್ಟ. ಗಾಂಜಾ ಎಂದರೆ ಸೊಪ್ಪಲ್ಲ. ಸೊಪ್ಪು ಇಟ್ಟುಕೊಂಡರೆ ಇಲ್ಲಿ ಜೈಲು. ದಕ್ಷಿಣದ ಕಡೆಯ ಒಂದು ದೇಶದಲ್ಲಿ ಲೈಸೆನ್ಸು ತೆಗೆದುಕೊಂಡು ಬೆಳೆಯಬಹುದಂತೆ, ಅಲ್ಲಿ ಕಿಶನ್ ಪಾಲುದಾರ. ಯೂರೋಪಿನ ಔಷಧಿ ಅಂಗಡಿಗಳಿಗೆ ಕಳಿಸುವುದು ಅವನ ಆಸೆ. ಇಲ್ಲಿಗೆ ಬಂದದ್ದು ಆ ಗಿಡಗಳಿಂದ ಬಟ್ಟಿ ಇಳಿಸಿದ, ಮತ್ತಿನ ಅಂಶ ಒಂದು ಚೂರೂ ಇಲ್ಲದ ವಾಸನೆ ಎಣ್ಣೆ, ಜೊತೆಗೆ ಒಂದು ಮೂಟೆ ಪರವಾನಗಿ ಕಾಗದ. ಅದರಲ್ಲಿ ಹದಿನೇಳನೇ ನಂಬರಿನ ಮಿಶ್ರತಳಿ ಬಹಳ ಒಳ್ಳೆಯದೆಂದು ಆರಿಸಿದ್ದರು. ಅದಕ್ಕೊಂದು ಕರಪತ್ರ ಬೇಕು. ಅದರಲ್ಲಿ ಗಿಡದ ತಂದೆತಾಯಿ ಯಾರು, ಪರಿಮಳ ಏನು, ಪರಿಣಾಮ ಏನು ಎಂದು ಬರೆದು ಗಂಗಾಧರ ಸಹಿ ಹಾಕಬೇಕು. ಏಕಾದಶಿಗೆ ಈರುಳ್ಳಿ ಮುಟ್ಟದವನು ಗಾಂಜಾದ ಕುಲಪುರೋಹಿತನಾದ.

ಶನಿವಾರ ಮಧ್ಯಾಹ್ನ ಅವನು ತನ್ನ ರಿಪೋರ್ಟುಗಳ ಇಂಗ್ಲಿಷು ತಿದ್ದಿಸಿಕೊಳ್ಳಲು ನನ್ನ ಮನೆಗೆ ಬರುವುದು ಹಳೆಯ ಪದ್ಧತಿ. ಎಣ್ಣೆ ಬಂದ ಮೇಲಿನ ಮೊದಲ ಶನಿವಾರ ಬಂದವನು ಟೇಬಲ್ಲಿನ ಮೇಲೆ ಗುಡ್ಡಗಳ ಕಾಗದ ಹರಡಿ ಪಾಠ ಶುರು ಮಾಡಿದ.

"ಗಾಂಜಾದಲ್ಲಿ ಇಂಡಿಕಾ ಜಾತಿ ಆದ್ರೆ ನಿದ್ದೆ, ಸಟೈವಾ ಜಾತಿ ಆದ್ರೆ ಹುರುಪು ಅನ್ನೋದೆಲ್ಲ ಅಂಗಡಿಯವರ ಕಥೆ, ಮೇಡಂ. ಹೈಬ್ರಿಡ್ ಅಂದ್ಮೇಲೆ ಟರ್ಪೀನ್ ನೋಡ್ಬೇಕು. ಟರ್ಪೀನ್ ಅಂದ್ರೆ ಏನು, ಗಿಡದ ಸೆಂಟು. ನಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ. ಮಾವಿನಕಾಯಿ ಮುರಿದ್ರೆ ಬರುತ್ತಲ್ಲ, ಅದು ಮಿರ್ಸೀನ್. ನಿಂಬೆ ಸಿಪ್ಪೆ ಲಿಮೋನೀನ್. ಮೆಣಸು, ಲವಂಗದ್ದು ಕ್ಯಾರಿಯೋಫಿಲೀನ್."

"ಹಾಗಾದ್ರೆ ಸಾರು ಕುಡಿದ್ರೆ ಸಾಕಲ್ಲ," ಎಂದೆ.

ನಗಲಿಲ್ಲ. ಪರಿಣಾಮದ ಕಾಲಮ್ಮು ಖಾಲಿ ಇರುವುದು ಅವನ ಚಿಂತೆ. ಅವನು ಸೇದಿದವನಲ್ಲ, ಸೇದಿದವರ ಪಕ್ಕ ನಿಂತವನೂ ಅಲ್ಲ. ವಿಜ್ಞಾನಿ ನೋಡಿ, ಸಮೀಕ್ಷೆ ಮಾಡಿದ. ಮೊದಲು ಫ್ಯಾಕ್ಟರಿ ಗೇಟಿನ ಅಸ್ಕಾರಿಯ ಹತ್ತಿರ ಹೋಗಿ, ಬಂಗಿ ಸೇದಿದರೆ ಏನಾಗುತ್ತದೆ ಎಂದು ಕೇಳಿದ. ಇದೇನೋ ನೌಕರಿಗೆ ಸಂಚಕಾರ ಎಂದು ಹೆದರಿದ ಆ ಕಾವಲುಗಾರ, "ಪೊಲೀಸರು ಹಿಡಿಯುತ್ತಾರೆ" ಎಂದ. ಗಂಗಾಧರ ಅದನ್ನೇ ಪರಿಣಾಮ ಒಂದು ಎಂದು ಬರೆದುಕೊಂಡ. ಅಪ್ಪರ್ ಹಿಲ್ ಕಡೆಯ ಮಟಾಟು ವ್ಯಾನಿನ ಕಂಡಕ್ಟರು ಸ್ವಲ್ಪ ಉದಾರಿ, ನಗು ಬರುತ್ತದೆ, ಹಸಿವಾಗುತ್ತದೆ, ಇಳಿಯುವ ಸ್ಟಾಪು ಮರೆತುಹೋಗುತ್ತದೆ ಎಂದ. ಅದೂ ನೋಟ್‌ಬುಕ್ಕಿಗೆ ಹೋಯಿತು. ಅಂದಿನಿಂದ ಆ ಕಂಡಕ್ಟರು ಇವನನ್ನು ಕಂಡರೆ "ಸವಾ, ಡಾಕ್ಟರ್!" ಎಂದು ಅವರ ಭಾಷೆಯಲ್ಲಿ ಕ್ಷೇಮ ಕೇಳಿ ಕಣ್ಣು ಹೊಡೆಯುತ್ತಾನೆ. ಇವನೂ ಗಂಭೀರವಾಗಿ ಕೈ ಎತ್ತುತ್ತಾನೆ.

ಎರಡನೇ ಶನಿವಾರ ಹದಿನೇಳರ ಎಣ್ಣೆಯ ಒಂದು ಪುಟ್ಟ ಸೀಸೆ ತಂದ. ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ ನನಗೂ ಒಂದು ಕೊಟ್ಟ, ತಾನೂ ಒಂದು ಹಿಡಿದ. "ಫಸ್ಟ್ ಲಿಮೋನೀನ್ ಬರುತ್ತೆ ನೋಡಿ," ಎಂದ. ನಿಂಬೆ ಬಂತು. "ಈಗ ಕ್ಯಾರಿಯೋಫಿಲೀನ್." ಲವಂಗ ಬಂತು. "ಆಮೇಲೆ ಲಿನಲೂಲ್, ಅಂದ್ರೆ ಲ್ಯಾ..." ಎಂದವನು ಅಲ್ಲಿಗೆ ನಿಲ್ಲಿಸಿದ.

ನಾನೂ ಪಟ್ಟಿ ಕೆಳಗಿಟ್ಟೆ. ಕ್ವಾರ್ಟರ್ಸಿನ ಬಾಗಿಲು ತೆರೆದು ಫಿಲೋಮಿನಮ್ಮ ಒಳಗೆ ಬಂದ ಹಾಗೆ ಆಯಿತು ನನಗೆ. ಅವನಿಗೂ ಆಗಿದೆ ಎಂದು ಅವನ ಮುಖ ನೋಡಿಯೇ ತಿಳಿಯಿತು. ನೆಗಡಿ ಬಂದವನ ಹಾಗೆ ಎರಡು ಸಲ ಮೂಗು ಉಜ್ಜಿದ, ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಹೋಗುವಾಗ ಆ ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿಲ್ಲ ಎಂದುಕೊಂಡಿರಬೇಕು.

ಮೂರನೇ ಶನಿವಾರ ಬಂದಾಗ ಉರಿಯುತ್ತಿದ್ದ. "ಮೋಸ, ಮೇಡಂ. ಶುದ್ಧ ಮೋಸ!"

ವಿಷಯ ಇಷ್ಟು. ಫಾರ್ಮಿನವರ ಕಾಗದದ ಪ್ರಕಾರ ಹದಿನೇಳರ ತಂದೆ ಸರೋವರದ ದಂಡೆಯ ಒಂದು ಆಫ್ರಿಕನ್ ತಳಿ, ತಾಯಿ ಹಿಮಾಲಯದಿಂದ ತಂದ ಹೆಸರುವಾಸಿ ತಳಿ. ಇಬ್ಬರ ಎಣ್ಣೆಯನ್ನೂ ಕಳಿಸಿದ್ದರು. ಗಂಗಾಧರ ಮೂರನ್ನೂ ಯಂತ್ರಕ್ಕೆ ಹಾಕಿ ಗುಡ್ಡಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾನೆ. ನಿಂಬೆ, ಲವಂಗ ತಂದೆಯಲ್ಲೂ ಇವೆ. ಹಿಮಾಲಯದ ತಾಯಿಯಲ್ಲಿರುವ ದೊಡ್ಡ ಗುಡ್ಡ ಮಗುವಿನಲ್ಲಿ ಇಲ್ಲವೇ ಇಲ್ಲ. ಮಗುವಿನಲ್ಲಿರುವ ಲ್ಯಾವೆಂಡರಿನ ಗುಡ್ಡ ಇಬ್ಬರಲ್ಲೂ ಇಲ್ಲ. ಫಾರ್ಮಿನ ಮೇಲ್ವಿಚಾರಕ ಕೆವಿನ್‌ಗೆ ಫೋನು ಮಾಡಿ ತನ್ನ ಶೈಲಿಯಲ್ಲಿ ಐದು ಪ್ರಶ್ನೆ ಕೇಳಿದ್ದಾನೆ. ಐದನೆಯದಕ್ಕೆ ಕೆವಿನ್ ಬಾಯಿ ಬಿಟ್ಟಿದ್ದಾನೆ. ನಿಜವಾದ ತಾಯಿ, ಸಾಲಿನ ಕೊನೆಯಲ್ಲಿ ಚೀಟಿ ಇಲ್ಲದೆ ಬೆಳೆದಿದ್ದ ಒಂದು ಗಿಡ. ಎಲ್ಲಿಂದ ಬಂತೋ ಯಾರಿಗೂ ತಿಳಿಯದು, ಗಟ್ಟಿಮುಟ್ಟಾಗಿತ್ತು, ಕಾಯಿಲೆ ಬೀಳುತ್ತಿರಲಿಲ್ಲ, ಬೀಜ ಕಟ್ಟಿಸಿದರು. ಕಾಗದದಲ್ಲಿ ಚೆನ್ನಾಗಿ ಕಾಣಲಿ ಎಂದು ಹಿಮಾಲಯದ ಹೆಸರು ಹಾಕಿದರು.

"ಕಿಶನ್ ಏನಂದ್ರು?" ಎಂದು ಕೇಳಿದೆ.

"ಗಿಡ ಏನು ಕೋರ್ಟಿಗೆ ಹೋಗುತ್ತಾ ಗಂಗಾಧರ್‌ಭಾಯ್, ಸೈನ್ ಮಾಡಿ ಅಂದ್ರು. ಆಗಲ್ಲ ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸುಳ್ಳಿಗೆ ನಾನು ಸೈನ್ ಹಾಕಿಲ್ಲ. ತಾಯಿ ಹೆಸರಲ್ಲಿ ಸುಳ್ಳು ಬರೀತಾರಾ? ಹೆತ್ತವಳನ್ನ ಮೂಲೆಗೆ ತಳ್ಳಿ, ಯಾವಳೋ ಫ್ಯಾಷನ್ನಿನವಳ ಹೆಸರು ಹಾಕೋದಾ? ಕೆಲಸ ಹೋದ್ರೆ ಹೋಗ್ಲಿ, ಮೇಡಂ!"

ಟೇಬಲ್ಲು ಗುದ್ದಿದ. ಆಮೇಲೆ ನೀರು ಕುಡಿದು, ಅದೇ ಚೀಲದಿಂದ ಇನ್ನೊಂದು ಕಾಗದ ತೆಗೆದು ನನ್ನ ಮುಂದಿಟ್ಟ. ಮಗಳು ಚೈತನ್ಯಾಳ ಮದುವೆಯ ಲಗ್ನಪತ್ರಿಕೆಯ ಕರಡು. ಇಂಗ್ಲಿಷ್ ಭಾಗವನ್ನು ಒಮ್ಮೆ ನೋಡಿಕೊಡಬೇಕಂತೆ.

ಚೈತನ್ಯಾ ಇಲ್ಲೇ ಹುಟ್ಟಿ ಬೆಳೆದವಳು, ಅಪ್ಪರ್ ಹಿಲ್‌ನಲ್ಲಿ ಜಾಹೀರಾತು ಕಂಪನಿಯೊಂದರಲ್ಲಿ ಡಿಸೈನರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಹುಡುಗ ಸುಜಯ್ ಅದೇ ರಸ್ತೆಯ ಬ್ಯಾಂಕಿನಲ್ಲಿದ್ದಾನೆ. ಅವರಿಬ್ಬರೇ ಮೆಚ್ಚಿಕೊಂಡದ್ದು. ಕಷ್ಟ ಇದ್ದದ್ದು ಸುಜಯನ ತಂದೆ ಲಕ್ಷ್ಮೀಕಾಂತರಲ್ಲಿ. ಮೈಸೂರಿನವರು, ಗೋತ್ರ ಕೆದಕುವುದರಲ್ಲಿ ಗಂಗಾಧರನಿಗೂ ಗುರು. ವಿಡಿಯೋ ಕಾಲಿನಲ್ಲಿ ಹುಡುಗಿಯ ಅಪ್ಪನ ತಾಯಿ ಯಾರ ಪೈಕಿ, ತವರು ಯಾವುದು ಎಂದು ಮೂರು ಸಲ ಕೇಳಿದ್ದರು. ಮೂರು ಸಲವೂ ಗಂಗಾಧರ ಬೆವರದೆ ಉತ್ತರಿಸಿದ್ದ. ಕರಡಿನಲ್ಲಿ ಹೀಗಿತ್ತು: ದಿವಂಗತ ಪದ್ಮಾವತಮ್ಮ ಮತ್ತು ದಿವಂಗತ ಸೂರ್ಯನಾರಾಯಣ ರಾಯರ ಮೊಮ್ಮಗಳು.

ನನಗೆ ಮೈಯೆಲ್ಲ ಉರಿದುಹೋಯಿತು. ಫಾರ್ಮಿನ ಕಾಗದವನ್ನೂ ಲಗ್ನಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟೆ, ಅವನು ಗುಡ್ಡಗಳನ್ನು ಇಡುತ್ತಾನಲ್ಲ, ಹಾಗೆ.

"ಕೆಂಪು ಪೆನ್ನು ತೆಗಿ," ಎಂದೆ.

"ಮೇಡಂ..."

"ಮೇಡಂ ಅನ್ನಬೇಡ. ನಿನ್ನ ಕುಂಡಿ ತೊಳೆದವಳು ನಾನು. ಒಂದು ಬಂಗಿ ಗಿಡದ ತಾಯಿಗೋಸ್ಕರ ಕೆಲಸ ಬಿಡ್ತೀನಿ ಅಂತೀಯ. ಇದರಲ್ಲಿ ಯಾವಳೋ ಫ್ಯಾಷನ್ನಿನವಳ ಹೆಸರು ಯಾಕಿದೆ ಹೇಳು. ಇದಕ್ಕೆ ಹೇಗೋ ಸೈನ್ ಹಾಕಿದೆ?"

ಅವನು ಎರಡೂ ಕಾಗದ ನೋಡಿದ. "ಚೈತನ್ಯಾ ಮದುವೆ ನಿಂತುಹೋಗುತ್ತೆ," ಎಂದ. ದನಿ ಸಣ್ಣಗಾಗಿತ್ತು. "ನಾನೇ ನಾಲ್ಕು ನಿಲ್ಲಿಸಿದೀನಿ. ನನಗೆ ಗೊತ್ತು ಹೇಗೆ ನಿಲ್ಲುತ್ತೆ ಅಂತ."

ಮಗುವಿನ ಮದುವೆ ಮುರಿಯಲಿ ಎಂದು ಯಾವ ಬಾಯಲ್ಲಿ ಹೇಳಲಿ? ಪತ್ರಿಕೆಯ ಇಂಗ್ಲಿಷು ತಿದ್ದಿ ಕೊಟ್ಟೆ. ಒಂದೇ ತಪ್ಪಿತ್ತು, ಹಾಲ್‌ನ ವಿಳಾಸದಲ್ಲಿ. ಆಮೇಲೆ ಎರಡು ಶನಿವಾರ ಅವನು ಬರಲಿಲ್ಲ.

ಮದುವೆಯ ಹಿಂದಿನ ದಿನ ನ್ಗಾರಾದ ಹಾಲ್‌ನಲ್ಲಿ ನಾಂದಿ. ಇಡೀ ನೈರೋಬಿಗೆ ನಮ್ಮ ಪದ್ಧತಿ ಬಲ್ಲ ಪುರೋಹಿತರು ಒಬ್ಬರೇ ಆದ್ದರಿಂದ ಎರಡೂ ಕಡೆಯವರಿಗೆ ಒಂದೇ ಕಡೆ, ಒಂದೇ ಹೊಗೆಯಲ್ಲಿ. ನಾಂದಿಯಲ್ಲಿ ಮನೆಯ ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆಯಬೇಕು, ಮದುವೆಗೆ ಬಂದು ಹರಸಿ ಎಂದು. ಅದರಲ್ಲೂ ತಾಯಂದಿರನ್ನು ಮೊದಲು ಕರೆಯುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಪುರೋಹಿತರು ಗಂಗಾಧರನ ಕಡೆ ತಿರುಗಿ, "ನಿಮ್ಮ ತಾಯಿಯವರ ಹೆಸರು ಹೇಳಿ" ಎಂದಾಗ ಹಿಂದಿನ ಸಾಲಿನ ಕುರ್ಚಿಯಲ್ಲಿದ್ದ ನಾನು ನೆಟ್ಟಗೆ ಕುಳಿತೆ.

ಗಂಗಾಧರ ಕೈಯಲ್ಲಿದ್ದ ಅಕ್ಷತೆಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಸುರಿದುಕೊಂಡ. ವಿಜಿ ಅವನ ಮುಖ ನೋಡಿದಳು. ಅವಳಿಗೆ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ, ಅವಳು ಕೇಳುವ ಹೆಂಗಸಲ್ಲ. ಲಕ್ಷ್ಮೀಕಾಂತರು ಪಕ್ಕದ ಮಣೆಯಿಂದ ಕಿವಿ ಈ ಕಡೆ ಕೊಟ್ಟಿದ್ದರು. ಹೇಳೋ, ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಚ್ಚಿದೆ. ಜನ್ಮದಲ್ಲಿ ಒಮ್ಮೆಯಾದರೂ ಆಕೆಯನ್ನು ಮುಂದಿನ ಬಾಗಿಲಿಂದ ಕರಿ.

"ಪದ್ಮಾವತಿ," ಎಂದ.

ಇಲ್ಲದ ಹೆಂಗಸಿಗೆ ಅಕ್ಷತೆ ಬಿತ್ತು. ನಾನು ಎದ್ದು ಹೊರಟುಬಿಡುತ್ತಿದ್ದೆ. ಫಿಲೋಮಿನಮ್ಮನಿಗೆ ಹೆತ್ತ ಮಗನ ಮದುವೆಯಲ್ಲಿ ಮೂರನೇ ಪಂಕ್ತಿ, ಮೊಮ್ಮಗಳ ನಾಂದಿಯಲ್ಲಿ ಅದೂ ಇಲ್ಲ. ಚೈತನ್ಯಾ ಓಡಿಬಂದು ನನ್ನ ಕೈ ಹಿಡಿದಳು. ನನ್ನನ್ನು ಈ ಮನೆಯ ಸಮಾರಂಭಗಳಲ್ಲಿ ಯಾವಾಗಲೂ ಕೊನೆಯ ಪಂಕ್ತಿಗೆ ಕೂರಿಸುವುದು ರೂಢಿ. ಅವಳು ಅದನ್ನು ಲೆಕ್ಕಿಸದೆ ಊಟದ ಮೊದಲ ಪಂಕ್ತಿಗೆ ಎಳೆದುಕೊಂಡು ಹೋಗಿ ತನ್ನ ಪಕ್ಕ ಕೂರಿಸಿಕೊಂಡಳು. ಎದುರಿಗೆ ಲಕ್ಷ್ಮೀಕಾಂತರು, ಅವರ ಪಕ್ಕ ಸುಜಯ್, ಆ ಕಡೆ ವಿಶೇಷ ಅತಿಥಿಯಾಗಿ ಬಂದಿದ್ದ ಕಿಶನ್ ಷಾ. ಎಲೆಗೆ ಉಪ್ಪು ಬಿತ್ತು, ಕೋಸಂಬರಿ ಬಿತ್ತು. ಚೈತನ್ಯಾ ತನ್ನ ಕೈಚೀಲದಿಂದ ಹೊಳೆಯುವ ಒಂದು ಕಾಗದ ತೆಗೆದು ಎಲೆಯ ಅಂಚಿನಲ್ಲಿ ನನಗೆ ತೋರಿಸಿದಳು. ಗಾಂಜಾದ ಕರಪತ್ರ. ಡಿಸೈನು ಅವಳದೇ, ಬೆಳಿಗ್ಗೆ ಪ್ರೆಸ್ಸಿನಿಂದ ಬಂದಿತ್ತು.

ಅಪ್ಪ ಒಂದು ಅಕ್ಷರವನ್ನೂ ಮುಟ್ಟಲು ಬಿಡಲಿಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ತಾಯಿಯ ವಿಷಯ ನಿಜ ಬರೆದರೆ ಮಾತ್ರ ಸಹಿ ಎಂದು ಹಟ ಹಿಡಿದನಂತೆ. ಕಿಶನ್ ಅಂಕಲ್ ಮೊದಲು ರೇಗಿದರೂ ಅಪ್ಪ ಸೂಚಿಸಿದ ಹೆಸರು ಕೇಳಿ, ಯೂರೋಪಿಗೆ ಸರಿಹೊಂದುತ್ತದೆ ಎಂದು ಖುಷಿಯಾಗಿ ಒಪ್ಪಿದರಂತೆ. ನಾನು ಕನ್ನಡಕ ಏರಿಸಿ ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು.

ಹೆಸರು: ಫಿಲೋಮಿನಾ. ತಂದೆ: ಸರೋವರದ ದಂಡೆಯ ತಳಿ. ತಾಯಿ: ಚೀಟಿ ಇಲ್ಲದವಳು. ಸಾಲಿನ ಕೊನೆಯಲ್ಲಿ ತಾನಾಗಿ ನಿಂತವಳು. ಇದರಲ್ಲಿ ಒಳ್ಳೆಯದೇನಿದೆಯೋ ಅದು ಬಹುಮಟ್ಟಿಗೆ ಅವಳದು. ಪರಿಮಳ: ಮೊದಲು ನಿಂಬೆ ಸಿಪ್ಪೆ, ಆಮೇಲೆ ಲವಂಗ, ಕೊನೆಗೆ ಕುತ್ತಿಗೆಯ ಹತ್ತಿರದ ಲ್ಯಾವೆಂಡರ್. ಪರಿಣಾಮ: ನೋವು ಇಳಿಸುತ್ತಾಳೆ. ನಿದ್ದೆ ಬರಿಸುತ್ತಾಳೆ, ತಾನು ಮಲಗುವುದಿಲ್ಲ. ತಿರುಗಿ ಏನನ್ನೂ ಕೇಳುವುದಿಲ್ಲ.

ಅಕ್ಷರಗಳು ಕಲಸಿಹೋದವು. ಕರಪತ್ರವನ್ನು ಮಡಿಸಿ ಅವಳ ಕೈಗೇ ಕೊಟ್ಟೆ.

"ಆಂಟಿ," ಎಂದು ಅವಳು ಮತ್ತೆ ಇಂಗ್ಲಿಷಿನಲ್ಲಿ ಕೇಳಿದಳು, ಗಿಡಕ್ಕೆ ಕುತ್ತಿಗೆ ಎಲ್ಲಿಂದ ಬಂತು? ಅದು ಮಲಗದೇ ಇರುವುದು ಹೇಗೆ? ಇವಳು ಯಾರು?

ನಾಲಿಗೆ ತುದಿಗೆ ಬಂದಿತ್ತು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಫಿಲೋಮಿನಮ್ಮನಿಗೆ ಕೊಟ್ಟ ಮಾತು ಅಡ್ಡ ಬಂತು. "ನಿಮ್ಮಪ್ಪನನ್ನೇ ಕೇಳು," ಎಂದೆ.

ಗಂಗಾಧರ ತುಪ್ಪದ ಗಿಂಡಿ ಹಿಡಿದು ಬೀಗರ ಉಪಚಾರ ಮಾಡುತ್ತಾ ಬಂದ. ಅವನು ಎದುರಿ‌ಗೆ ನಿಂತಾಗ ಚೈತನ್ಯಾ ತಲೆ ಎತ್ತಿದಳು. ಏನನ್ನಿಸಿತೋ, ಕನ್ನಡದಲ್ಲಿ ಕೇಳಿದಳು. ತಡವರಿಸಿದ ಕನ್ನಡ, ಆದರೆ ಇಡೀ ಪಂಕ್ತಿಗೆ ಕೇಳಿಸುವಂತೆ.

"ಅಪ್ಪಾ, ಫಿಲೋಮಿನಾ ಯಾರು?"

"ಯಾರದು ಫಿಲೋಮಿನಾ?" ಎಂದು ಲಕ್ಷ್ಮೀಕಾಂತರು ತಕ್ಷಣ ಕತ್ತು ಚಾಚಿದರು. ಹೆಸರು ಕೇಳಿದರೆ ಸಾಕು, ಜಾಡು ಹಿಡಿಯುವ ಮೂಗು.

ಗಂಗಾಧರ ಬಾಯಿ ತೆರೆಯುವ ಮೊದಲೇ ಕಿಶನ್ ಷಾ ಉತ್ಸಾಹದಿಂದ ಹಿಂದಿಯಲ್ಲಿ ಶುರು ಮಾಡಿದ. ಅದು ನಮ್ಮ ಗಾಂಜಾ, ಸಾಹೇಬರೇ! ನಂಬರ್ ಒನ್ ಹೈಬ್ರಿಡ್! ನಿಮ್ಮ ಬೀಗರದೇ ಸಂಶೋಧನೆ!

ಲಕ್ಷ್ಮೀಕಾಂತರ ಕೈ ಎಲೆಯ ಮೇಲೆ ನಿಂತಿತು. ಎಕ್ಸ್‌ಪೋರ್ಟೇ ಎಂದು ಕೇಳಿದರು. ಹೌದು, ಯೂರೋಪಿಗೆ ಎಂದ ಕಿಶನ್. "ಔಷಧಿ ಅಂದ್ಮೇಲೆ ತಪ್ಪೇನಿಲ್ಲ ಬಿಡಿ. ಶಿವನಿಗೇ ಪ್ರಿಯವಾದದ್ದು," ಎಂದು ನಕ್ಕು ಹೋಳಿಗೆ ಮುರಿದರು. ಗಾಂಜಾ ಅಷ್ಟು ಸಲೀಸಾಗಿ ಒಳಗೆ ಹೋಯಿತು, ತುಪ್ಪದ ಸಮೇತ. ಗಂಗಾಧರ ಬಚಾವಾಗಿದ್ದ. ಏನೂ ಹೇಳಬೇಕಾಗಿರಲಿಲ್ಲ, ಒಂದು ಹೆಜ್ಜೆ ಮುಂದಿಟ್ಟು ಪಕ್ಕದ ಎಲೆಗೆ ಬಡಿಸಿದ್ದರೆ ಸಾಕಾಗಿತ್ತು.

ಅವನು ಕದಲಲಿಲ್ಲ.

"ಅಲ್ಲ," ಎಂದ. "ಫಿಲೋಮಿನಾ ನಮ್ಮಮ್ಮ."

ಕಿಶನ್‌ಗೆ ಕನ್ನಡ ತಿಳಿಯದು, ಇನ್ನೂ ನಗುತ್ತಿದ್ದ. ಉಳಿದ ಪಂಕ್ತಿ ನಿಂತುಹೋಯಿತು.

"ಮತ್ತೆ ಪದ್ಮಾವತಮ್ಮನವರು?" ಎಂದರು ಲಕ್ಷ್ಮೀಕಾಂತರು.

"ಆ ಹೆಸರಿನವರು ಯಾರೂ ಇಲ್ಲ. ನಾನು ಬರೆದದ್ದು. ನಮ್ಮಮ್ಮ ಗಣಿ ಆಸ್ಪತ್ರೆಯಲ್ಲಿ ನರ್ಸು. ಚರ್ಚಿನವರು. ಮಣ್ಣು ಮಾಡಿ ಬಂದಿದೀನಿ." ಗಿಂಡಿ ವಾಲಿ ತುಪ್ಪ ಅವನ ಹೊಸ ಪಂಚೆಯ ಮೇಲೆ ಸುರಿಯುತ್ತಿತ್ತು. "ನಿಲ್ಲಿಸೋದಾದ್ರೆ ಈಗಲೇ ನಿಲ್ಲಿಸಿ. ನಾನೂ ಹೀಗೆ ನಿಲ್ಲಿಸಿದೀನಿ."

ಗಾಂಜಾ ನುಂಗಿದವರಿಗೆ ನರ್ಸು ಗಂಟಲಲ್ಲಿ ಸಿಕ್ಕಿಕೊಂಡಳು. ಲಕ್ಷ್ಮೀಕಾಂತರು ಮಗನ ಕಡೆ ತಿರುಗಿದರು. ಸುಜಯ್ ಅಪ್ಪಳ ಮುರಿಯುತ್ತಿದ್ದವನು ಚೈತನ್ಯಾಳನ್ನು ನೋಡಿ, "ನೈಸ್ ನೇಮ್" ಎಂದು ಬಾಯಿಗೆ ಹಾಕಿಕೊಂಡ. ಎದ್ದು ಹೋಗೋಣವೆಂದರೆ ಲಕ್ಷ್ಮೀಕಾಂತರಿಗೆ ಊಟ ಅರ್ಧ, ಮೈಸೂರು ದೂರ. ಕೊನೆಗೆ ಪುರೋಹಿತರನ್ನು ಕರೆದು ಇದಕ್ಕೇನು ಎಂದು ಕೇಳಿದರು. ಅವರು ನೈರೋಬಿಯಲ್ಲಿ ನಲವತ್ತು ವರ್ಷ ಕಳೆದ ಮನುಷ್ಯ, ಇದಕ್ಕಿಂತ ಹೆಚ್ಚಿನದನ್ನು ನೋಡಿದ್ದಾರೆ. "ತಪ್ಪು ಹೆಸರಿಗೆ ಕರೆದರೆ ಯಾರು ಬರ್ತಾರೆ?" ಎಂದು ಗಂಗಾಧರನನ್ನೇ ಬೈದರು. "ಬೆಳಿಗ್ಗೆ ಆರಕ್ಕೆ ಇನ್ನೊಮ್ಮೆ ನಾಂದಿ ಮಾಡಬೇಕು. ಆ ಹೆಸರನ್ನ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ, ನನ್ನ ನಾಲಿಗೆ ಹೊರಳಲ್ಲ."

ವಿಜಿ ಒಳಗಿನಿಂದ ಒದ್ದೆ ಬಟ್ಟೆ ತಂದು ಗಂಡನ ಪಂಚೆ ಒರೆಸಿದಳು. ಏನೂ ಕೇಳಲಿಲ್ಲ. ಗಂಗಾಧರ ಮಗಳ ಎಲೆಗೆ ತುಪ್ಪ ಹಾಕಿ ನನ್ನ ಎಲೆಯ ಮುಂದೆ ಬಂದು ಬಗ್ಗಿದ. ಅವನ ಅಂಗಿಯ ಜೇಬಿನಿಂದ ಅವತ್ತು ನನ್ನ ಮನೆಯಲ್ಲಿ ಮಡಿಸಿಟ್ಟುಕೊಂಡ ಆ ಕಾಗದದ ಪಟ್ಟಿ ಇಣುಕುತ್ತಿತ್ತು.

"ಮೇರಕ್ಕಾ, ತುಪ್ಪ?" ಎಂದ, ಎಲ್ಲರ ಮುಂದೆ.

ಡಾಕ್ಟರು ನನಗೆ ತುಪ್ಪ ಬೇಡ ಎಂದಿದ್ದಾರೆ. "ಹಾಕು," ಎಂದೆ.